ಉಪ್ಪಿನ ಋಣ, ಮುಪ್ಪಿನ ಭಾಗ್ಯ

(ಶಾಲೆಯ ಶತಮಾನೋತ್ಸವದ ಅಂಗವಾಗಿ ಗುಮ್ಮಘಟ್ಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನೂರು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ ನಿಂತವರು ನಾಡು, ನುಡಿ, ಗುರುಪರಂಪರೆಗಳ ಕುರಿತು ಮಾತನಾಡುವುದು ವಾಡಿಕೆ. ಆ ಮಾತುಗಳನ್ನು ನಮಗಿಂತ ಸೊಗಸಾಗಿ ಆಡಬಲ್ಲವರು ಇದೇ ವೇದಿಕೆಯಿಂದ ಈಗಾಗಲೇ ಆಡಿದ್ದಾರೆ. ಆರೋಗ್ಯದ ವಿಷಯವಾಗಿ ನಾಲ್ಕು ಮಾತು ಹೇಳಿರೆಂದು ಸಂಘಟಕರು ಕೇಳಿದಾಗ ನಾವು ಉಪ್ಪನ್ನು ಆರಿಸಿಕೊಂಡೆವು. ಇದರಲ್ಲಿ ನಮ್ಮದೊಂದು ತಪ್ಪೊಪ್ಪಿಗೆಯೂ ಇದೆ. ವಿಜ್ಞಾನದ ಉಪಾಧ್ಯಾಯರಾಗಿ ಮೂವತ್ತು ವರ್ಷ ಕರಿಹಲಗೆಯ ಮೇಲೆ ಸೋಡಿಯಂ ಕ್ಲೋರೈಡ್ ಎಂದು ಬರೆದು ಅಳಿಸಿದ ಕೈ ನಮ್ಮದು. ಅದೇ ಸೋಡಿಯಂ ನಮ್ಮ ಮನೆಯ ತಟ್ಟೆಯಲ್ಲಿ ಎಷ್ಟಿದೆ ಎಂದು ಆ ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಲೆಕ್ಕ ಹಾಕಲಿಲ್ಲ. ಲೆಕ್ಕ ಹಾಕುವಂತಾದದ್ದು ಹೇಗೆ ಎಂಬುದನ್ನು ಮುಂದೆ ಹೇಳುತ್ತೇವೆ.

ಮೊದಲಿಗೆ ಉಪ್ಪಿನ ಗೌರವವನ್ನು ಉಪ್ಪಿಗೆ ಸಲ್ಲಿಸೋಣ. ಈ ಶಾಲೆಯ ಮೊದಲ ತಂಡದ ಮಕ್ಕಳು ಹಲಗೆ ಬಳಪ ಹಿಡಿದು ಬಂದ ಕಾಲಕ್ಕೆ ನಮ್ಮ ರಾಯದುರ್ಗ ತಾಲ್ಲೂಕು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು; 1953 ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಅನಂತಪುರ ಜಿಲ್ಲೆಗೆ ಬಂದಿತು. ಆ ಮಕ್ಕಳ ಮನೆಗೆ ಬರುತ್ತಿದ್ದ ಉಪ್ಪಿನ ಮೇಲೆ ಸರಕಾರದ ಸುಂಕವಿತ್ತು. ಅದಕ್ಕೂ ಹಿಂದೆ ಈ ಸೀಮೆಯಲ್ಲಿ ಸವುಳು ಮಣ್ಣನ್ನು ನೀರಿನಲ್ಲಿ ನೆನೆಸಿ, ಸೋಸಿ, ಆ ನೀರನ್ನು ಬಿಸಿಲಿಗೆ ಇಂಗಿಸಿ ಉಪ್ಪು ತೆಗೆಯುವ ಕಸುಬು ಇತ್ತು. ಉಪ್ಪಾರರ ಹೆಸರಿನಲ್ಲಿ ಆ ಕಸುಬಿನ ನೆನಪು ಇಂದಿಗೂ ಉಳಿದಿದೆ. ಬ್ರಿಟಿಷರ ಉಪ್ಪಿನ ಕಾಯಿದೆಗಳು ಆ ಕಸುಬನ್ನು ಕಸಿದುಕೊಂಡವು. 1930 ರ ಏಪ್ರಿಲ್ 6 ರಂದು ಗಾಂಧೀಜಿಯವರು ದಂಡಿಯಲ್ಲಿ ಹಿಡಿ ಉಪ್ಪನ್ನು ಎತ್ತಿಕೊಂಡರು. ಅದೇ ತಿಂಗಳಲ್ಲಿ ಕನ್ನಡ ನಾಡಿನ ಕಡಲತಡಿಯ ಅಂಕೋಲೆಯಲ್ಲಿಯೂ ಉಪ್ಪಿನ ಸತ್ಯಾಗ್ರಹ ನಡೆಯಿತು. 1947 ರಲ್ಲಿ ಸುಂಕ ರದ್ದಾಯಿತು.

ಹೀಗೆ ಕಷ್ಟಪಟ್ಟು ಪಡೆದ ವಸ್ತುವಾದ್ದರಿಂದಲೇ ಉಪ್ಪು ನಮ್ಮ ಮಾತಿನಲ್ಲಿ ಋಣದ ಗುರುತಾಯಿತು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದರು ಹಿರಿಯರು. ಉಪ್ಪಿಕ್ಕಿದವರನ್ನು ಮುಪ್ಪಿನ ತನಕ ನೆನೆ ಎಂದೂ ಹೇಳಿದರು. ಉಪ್ಪು ದುಬಾರಿಯಾಗಿದ್ದ ಕಾಲದಲ್ಲಿ ಹುಟ್ಟಿದ ಮಾತುಗಳಿವು. ಇಂದು ಅಂಗಡಿಯಲ್ಲಿ ಅತಿ ಅಗ್ಗವಾಗಿ ಸಿಗುವ ಪದಾರ್ಥಗಳಲ್ಲಿ ಉಪ್ಪೂ ಒಂದು. ಬೆಲೆ ಇಳಿಯಿತು, ಕೈಯ ಅಳತೆ ಏರಿತು. ನಾಲಿಗೆ ಏರಿದ ಅಳತೆಗೇ ಒಗ್ಗಿಕೊಂಡಿತು.

ಇನ್ನು ನಮ್ಮ ಮನೆಯ ಮಾತು. ನಮ್ಮ ಅಣ್ಣ ಒಕ್ಕಲುತನದವರು. ಊಟಕ್ಕೆ ಕುಳಿತರೆ ಮೊದಲ ತುತ್ತಿಗೇ "ಸಪ್ಪೆ" ಎಂದು ತಟ್ಟೆಯನ್ನು ಒಂದು ಗೇಣು ಮುಂದಕ್ಕೆ ನೂಕುವುದು ಅವರ ರೂಢಿ. ಅತ್ತಿಗೆ ಮಾತಿಲ್ಲದೆ ಉಪ್ಪಿನ ಬಟ್ಟಲು ತಂದಿಡುತ್ತಿದ್ದರು. ಬರುಬರುತ್ತ ಆ ಮಾತು ಬರದಿರಲೆಂದು ಸಾರಿಗೇ ಒಂದು ಚಿಟಿಕೆ ಹೆಚ್ಚು ಹಾಕತೊಡಗಿದರು. ಮನೆಮಂದಿಯೆಲ್ಲ ಅದನ್ನೇ ಉಂಡೆವು. ಐವತ್ತನಾಲ್ಕರ ವಯಸ್ಸಿನಲ್ಲಿ, ಶೇಂಗಾ ಕೀಳುವ ಕಾಲದ ಒಂದು ಬೆಳಿಗ್ಗೆ, ಹೊಲದ ಬದುವಿನ ಮೇಲೆ ಅಣ್ಣ ಕುಸಿದು ಕುಳಿತರು. ಬಲಗೈ ಏಳಲಿಲ್ಲ, ಬಾಯಿಂದ ಮಾತು ಹೊರಡಲಿಲ್ಲ. ಪಾರ್ಶ್ವವಾಯು. ಆಸ್ಪತ್ರೆಯಲ್ಲಿ ನೋಡಿದಾಗ ರಕ್ತದೊತ್ತಡ ಮಿತಿಮೀರಿತ್ತು. ಅದಕ್ಕೆ ಮುಂಚೆ ಒಂದು ಸಲವಾದರೂ ಅಳೆಸಿದ್ದಿರೋ ಎಂದು ವೈದ್ಯರು ಕೇಳಿದರು. ಅಳೆಸಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ವಿಜ್ಞಾನದ ಮೇಷ್ಟ್ರು ತಲೆ ತಗ್ಗಿಸಿದರು.

ಉಪ್ಪೊಂದೇ ಕಾರಣವೆಂದು ನಾವು ಹೇಳಲಾರೆವು. ಬೀಡಿಯ ಚಟವಿತ್ತು, ವಂಶದ ಪಾಲೂ ಇದ್ದೀತು. ಆದರೆ ನೋಡಲು ಬಂದ ನೆಂಟರು ಆಡಿದ ಮಾತು ಇನ್ನೂ ನಮ್ಮ ಕಿವಿಯಲ್ಲಿದೆ: "ಮೊದಲಿಂದಲೂ ಆಕೆಯ ಕೈ ಉಪ್ಪು ಜಾಸ್ತಿ." ಅಡುಗೆ ಮಾಡಿದವರಿಗೆ ಅಂದು ಸಪ್ಪೆಯ ದೂರು, ಇಂದು ಉಪ್ಪಿನ ದೂರು. ಕೈ ಅತ್ತಿಗೆಯದಾಗಿದ್ದರೂ ಆ ಕೈಯನ್ನು ನಡೆಸಿದ್ದು ಊಟಕ್ಕೆ ಕುಳಿತ ನಮ್ಮೆಲ್ಲರ ನಾಲಿಗೆ. ಇಂದು ನಾವು ಹೇಳಬಂದಿರುವ ಮಾತಿನ ತಿರುಳು ಇದೇ: ಉಪ್ಪು ಕಡಿಮೆ ಮಾಡುವುದು ಒಲೆಯ ಮುಂದೆ ನಿಂತವರೊಬ್ಬರ ಕೆಲಸವಲ್ಲ, ಉಣ್ಣುವವರೆಲ್ಲ ಕೂಡಿ ಮಾಡಬೇಕಾದ ತೀರ್ಮಾನ.

ಉಪ್ಪು ದೇಹದಲ್ಲಿ ಮಾಡುವ ಕೆಲಸವನ್ನು ಮಕ್ಕಳಿಗೂ ತಿಳಿಯುವಂತೆ ಹೇಳೋಣ. ಅಡುಗೆ ಉಪ್ಪಿನ ತೂಕದಲ್ಲಿ ನೂರಕ್ಕೆ ಸುಮಾರು ನಲವತ್ತು ಪಾಲು ಸೋಡಿಯಂ. ನರಗಳು ಸುದ್ದಿ ಒಯ್ಯುವುದಕ್ಕೆ, ಸ್ನಾಯುಗಳು ಮಿಡಿಯುವುದಕ್ಕೆ ಅದು ಬೇಕೇ ಬೇಕು. ಆದರೆ ಬೇಕಾದದ್ದು ದಿನಕ್ಕೆ 500 ಮಿಲಿಗ್ರಾಂ ಸೋಡಿಯಂನ ಒಳಗೇ. ಸೋಡಿಯಂ ಇದ್ದಲ್ಲಿ ನೀರು ನಿಲ್ಲುತ್ತದೆ. ಹೆಚ್ಚಾದುದನ್ನು ಹೊರಹಾಕಲು ಮೂತ್ರಪಿಂಡಗಳು ದುಡಿಯುತ್ತವೆ. ಆಗದಿದ್ದಾಗ ನೀರು ಒಳಗೇ ಉಳಿದು ರಕ್ತದ ಪ್ರಮಾಣ ಹೆಚ್ಚುತ್ತದೆ, ನಾಳಗಳ ಗೋಡೆಯ ಮೇಲಿನ ಒತ್ತಡವೂ ಹೆಚ್ಚುತ್ತದೆ. ನಮ್ಮ ಮಂಡಲದಲ್ಲಿಯೇ ವೇದಾವತಿಗೆ ಅಡ್ಡಲಾಗಿ ಭೈರವಾನಿತಿಪ್ಪದ ಜಲಾಶಯವಿದೆ. ಅದು ತುಂಬುವುದು ಅಪರೂಪ. ತುಂಬಿದ ವರ್ಷ ನಾವೆಲ್ಲ ನೋಡಲು ಹೋಗುತ್ತೇವೆ. ನೀರು ಏರಿದಷ್ಟೂ ಕಟ್ಟೆಯ ಮೇಲೆ ಭಾರ, ಬಾಗಿಲುಗಳ ಮೇಲೆ ಒತ್ತಡ. ಜಲಾಶಯಕ್ಕೆ ಆ ಸೌಭಾಗ್ಯ ಪ್ರತಿ ವರ್ಷ ಬರಲಿ. ನಮ್ಮ ರಕ್ತನಾಳಗಳಿಗೆ ಬೇಡ. ಕಟ್ಟೆಯಲ್ಲಿ ಬಿರುಕು ಬಿಟ್ಟರೆ ಕಣ್ಣಿಗೆ ಕಾಣುತ್ತದೆ. ನಾಳಗಳು ಸವೆಯುವುದು ವರ್ಷಗಟ್ಟಲೆ ಯಾರಿಗೂ ಕಾಣುವುದಿಲ್ಲ. ನೋವಿಲ್ಲ, ಜ್ವರವಿಲ್ಲ, ತಲೆಸುತ್ತಲೂ ಬೇಕೆಂದಿಲ್ಲ.

ವಯಸ್ಸಾದಂತೆ ಒತ್ತಡ ಏರುವುದು ಸಹಜವಲ್ಲವೇ ಎಂದು ಕೆಲವರು ಕೇಳುತ್ತಾರೆ. 1988 ರಲ್ಲಿ ಪ್ರಕಟವಾದ ಇಂಟರ್‌ಸಾಲ್ಟ್ ಎಂಬ ಅಧ್ಯಯನ 32 ದೇಶಗಳ 52 ಕಡೆಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿತು. ಅವರಲ್ಲಿ ಬ್ರೆಜಿಲ್ ದೇಶದ ಕಾಡಿನ ಯಾನೊಮಾಮಿ ಜನರೂ ಇದ್ದರು. ಅವರು ಆಹಾರಕ್ಕೆ ಉಪ್ಪು ಬೆರೆಸುವವರಲ್ಲ. ಅವರಲ್ಲಿ ವಯಸ್ಸು ಏರಿದರೂ ರಕ್ತದೊತ್ತಡ ಏರಿರಲಿಲ್ಲ. ಅವರ ಬದುಕಿನ ರೀತಿಯೇ ಬೇರೆ, ನಿಜ. ಆದರೂ ಮುಪ್ಪಿನೊಡನೆ ರಕ್ತದೊತ್ತಡವೂ ಬಂದೇ ಬರಬೇಕೆಂಬ ನಿಯಮವಿಲ್ಲ ಎಂಬಷ್ಟು ಇದರಿಂದ ತಿಳಿಯುತ್ತದೆ.

ಹಾಗಾದರೆ ಎಷ್ಟು ತಿನ್ನಬಹುದು? ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳಿರುವ ಮಿತಿ ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ. ಅಂದರೆ ಸುಮಾರು ಒಂದು ಚಹಾ ಚಮಚ. ಸಾರು, ಪಲ್ಯ, ಚಟ್ನಿ, ಉಪ್ಪಿನಕಾಯಿ, ಅಂಗಡಿಯ ತಿನಿಸು ಎಲ್ಲವೂ ಸೇರಿ ಇಷ್ಟು. ಮಕ್ಕಳಿಗೆ ಇನ್ನೂ ಕಡಿಮೆ. 2017-18 ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರು ಸರಾಸರಿ ದಿನಕ್ಕೆ 8 ಗ್ರಾಂ ತಿನ್ನುತ್ತಾರೆ. ಹೆಂಗಸರಿಗಿಂತ ಗಂಡಸರು ಹೆಚ್ಚು.

ಅಣ್ಣನಿಗೆ ಕಾಯಿಲೆಯಾದ ಮೇಲೆ ನಮ್ಮ ಮನೆಯಲ್ಲಿ ಒಂದು ಲೆಕ್ಕ ಮಾಡಿದೆವು. ಅದಕ್ಕೆ ತಕ್ಕಡಿ ಬೇಕಿಲ್ಲ, ಪೆನ್ನೊಂದಿದ್ದರೆ ಸಾಕು. ಒಂದು ಕಿಲೋ ಉಪ್ಪಿನ ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆದೆವು. ಐದು ಜನರ ಮನೆಯಲ್ಲಿ ಅದು 22 ದಿನಕ್ಕೆ ಮುಗಿಯಿತು. ಸಾವಿರ ಗ್ರಾಂ ಅನ್ನು 22 ರಿಂದ, ಬಂದದ್ದನ್ನು 5 ರಿಂದ ಭಾಗಿಸಿದರೆ ತಲೆಗೆ ದಿನಕ್ಕೆ 9 ಗ್ರಾಂ. ಇದು ಐದನೆಯ ತರಗತಿಯ ಭಾಗಾಕಾರ. ವರ್ಷಕ್ಕೊಮ್ಮೆ ಜಾಡಿ ತುಂಬುವ ಉಪ್ಪಿನಕಾಯಿಯೂ ಸಂತೆಯ ದಿನ ತಿಂದ ಮಿರ್ಚಿಯೂ ಇದರಲ್ಲಿ ಸೇರಿರಲಿಲ್ಲ. ತಲೆಗೆ 5 ಗ್ರಾಂ ಎಂದರೆ ಐದು ಜನರ ಮನೆಗೆ ಒಂದು ಕಿಲೋ 40 ದಿನ ಬರಬೇಕು. ನಾಲ್ಕು ಜನರ ಮನೆಗೆ 50 ದಿನ. ಹೊರಗೆ ತಿನ್ನುವವರಿದ್ದರೆ ಇನ್ನೂ ಹೆಚ್ಚು ದಿನ ಬರಬೇಕು. ಇಂದು ನಮ್ಮ ಮನೆಯ ಪೊಟ್ಟಣ 36 ದಿನ ಬರುತ್ತಿದೆ. ಗುರಿ ಮುಟ್ಟಿಲ್ಲ, ಹತ್ತಿರ ಬಂದಿದ್ದೇವೆ.

ಈ ಹೆಚ್ಚಿನ ಉಪ್ಪು ಎಲ್ಲಿಂದ ಬಂದಿತು? ನಮ್ಮ ಹಿರಿಯರ ಊಟವನ್ನು ನೆನೆಯಿರಿ. ರಾಗಿಮುದ್ದೆಗೆ ಉಪ್ಪಿಲ್ಲ, ಜೋಳದ ರೊಟ್ಟಿಗೂ ಬಹುಮಟ್ಟಿಗೆ ಉಪ್ಪಿಲ್ಲ. ಹೊಟ್ಟೆ ತುಂಬಿಸುವ ಪದಾರ್ಥ ಸಪ್ಪೆ. ಉಪ್ಪು ಹುಳಿ ಖಾರವೆಲ್ಲ ನಂಚಿಕೊಳ್ಳುವ ಸಾರಿನಲ್ಲಿ, ಚಟ್ನಿಯಲ್ಲಿ. ಇಂದು ಬೆಳಿಗ್ಗೆ ಉಗ್ಗಾಣಿ, ಚಿತ್ರಾನ್ನ, ಉಪ್ಪಿಟ್ಟು; ಇಲ್ಲಿ ಹೊಟ್ಟೆ ತುಂಬಿಸುವ ಪದಾರ್ಥವೇ ಉಪ್ಪಾಗಿದೆ. ಉಗ್ಗಾಣಿಯ ಜೊತೆಗೆ ಬಜ್ಜಿ ಬೇಕು. ಬಜ್ಜಿಯ ಹಿಟ್ಟಿಗೆ ಉಪ್ಪಿನೊಡನೆ ಅಡುಗೆ ಸೋಡವೂ ಬೀಳುತ್ತದೆ. ಸೋಡದಲ್ಲಿಯೂ ಸೋಡಿಯಂ ಇದೆ, ನಾಲಿಗೆಗೆ ಮಾತ್ರ ಉಪ್ಪೆನಿಸುವುದಿಲ್ಲ. ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಉಪ್ಪಿನಕಾಯಿ ಇವು ಬಿಸಿಲಿನ ಸೀಮೆಯವರ ಜಾಣತನದ ಪದಾರ್ಥಗಳು. ತರಕಾರಿ ಇಲ್ಲದ ದಿನಕ್ಕೆಂದು ಮಾಡಿಟ್ಟವು. ತರಕಾರಿ ಇದ್ದ ದಿನವೂ ಅವು ತಟ್ಟೆ ಬಿಡದೆ ಕುಳಿತಿವೆ. ಇವುಗಳ ಮೇಲೆ ಬೇಕರಿಯ ಖಾರ, ಚಿಪ್ಸ್, ನೂಡಲ್ಸ್, ಬಿಸ್ಕತ್ತು. ಬಿಸ್ಕತ್ತು ಸಿಹಿಯಾಗಿದ್ದರೂ ಅದರಲ್ಲಿ ಸೋಡಿಯಂ ಇರುತ್ತದೆ.

ದುಡಿಮೆಯೂ ಬದಲಾಗಿದೆ. ಮಳೆ ನಂಬಿ ಶೇಂಗಾ ಬಿತ್ತಿ ಸೋತ ಮನೆಗಳ ಮಕ್ಕಳು ಇಂದು ರಾಯದುರ್ಗದಲ್ಲಿ, ಬಳ್ಳಾರಿಯಲ್ಲಿ ಉಡುಪು ಹೊಲಿಯುವ ಯಂತ್ರದ ಮುಂದೆ ದಿನವಿಡೀ ಕುಳಿತಿರುತ್ತಾರೆ. ತಂದೆ ಹೊಲದಲ್ಲಿ ಬೆವರು ಸುರಿಸುತ್ತ ಉಂಡ ಉಪ್ಪಿನ ಅಳತೆಯನ್ನೇ ಮಗ ಕುರ್ಚಿಯಲ್ಲಿ ಕುಳಿತು ಉಣ್ಣುತ್ತಿದ್ದಾನೆ.

ಕಡಿಮೆ ಮಾಡುವ ಬಗೆಯನ್ನು ಹೇಳುವ ಮೊದಲು ಒಂದು ಪ್ರಸಂಗವನ್ನು ನೆನೆಯುತ್ತೇವೆ. ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ದಕ್ಷಿಣ ಆಫ್ರಿಕದ ದಿನಗಳ ಸಂಗತಿಯೊಂದನ್ನು ಬರೆದಿದ್ದಾರೆ. ಕಸ್ತೂರಬಾ ಅವರ ಆರೋಗ್ಯ ಕೆಟ್ಟಾಗ ಉಪ್ಪು ಮತ್ತು ಬೇಳೆಕಾಳುಗಳನ್ನು ಬಿಡುವಂತೆ ಅವರು ಕೇಳಿಕೊಂಡರು. ಯಾರಾದರೂ ಹೇಳಿದರೆ ನೀವೂ ಬಿಡಲಾರಿರಿ ಎಂದು ಬಾ ಮರುನುಡಿದರು. ಗಾಂಧೀಜಿ ಆ ಕ್ಷಣವೇ ತಾವು ಒಂದು ವರ್ಷ ಎರಡನ್ನೂ ಬಿಡುವುದಾಗಿ ಹೇಳಿ, ಹಾಗೆಯೇ ನಡೆದರು. ಆ ವೈದ್ಯವನ್ನು ನಾವು ಅನುಸರಿಸಬೇಕಾಗಿಲ್ಲ, ನಡತೆಯನ್ನು ಅನುಸರಿಸಬಹುದು. ಬಡವರ ಉಪ್ಪಿಗಾಗಿ ಮುಂದೆ ಸಾಮ್ರಾಜ್ಯವನ್ನೇ ಎದುರಿಸಿದವರು ಮನೆಯವರಿಗೆ ಬುದ್ಧಿ ಹೇಳುವಾಗ ತಮ್ಮ ತಟ್ಟೆಯಿಂದಲೇ ಆರಂಭಿಸಿದರು. ತಟ್ಟೆ ನೂಕುವ ಗಂಡಸರು ಇದನ್ನು ನೆನಪಿಡಬೇಕು.

ಒಂದೇ ದಿನ ಅರ್ಧಕ್ಕೆ ಇಳಿಸಿದರೆ ಮನೆಯಲ್ಲಿ ಜಗಳವಾಗುತ್ತದೆ, ನಮ್ಮಲ್ಲಿ ಆಗಿದೆ. ಆಮೇಲೆ ದಾರಿ ತಿಳಿಯಿತು. ಕೈಯಳತೆ ಬಿಟ್ಟು ಒಂದು ಚಮಚವನ್ನು ಗೊತ್ತು ಮಾಡಿ, ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಇಳಿಸಿದೆವು. ನಾಲಿಗೆ ಎರಡು ಮೂರು ತಿಂಗಳಲ್ಲಿ ಹೊಸ ಅಳತೆಗೆ ಒಗ್ಗುತ್ತದೆ. ಒಗ್ಗಿದ ಮೇಲೆ ಹಳೆಯ ಸಾರನ್ನು ಕೊಟ್ಟರೆ ಅದೇ ಹೆಚ್ಚೆನಿಸುತ್ತದೆ. ಉಪ್ಪಿನ ಬಟ್ಟಲನ್ನು ಊಟದ ಜಾಗದಿಂದ ಎತ್ತಿ ಒಳಗಿಟ್ಟೆವು. ಅನ್ನಕ್ಕೆ, ಹಿಟ್ಟಿಗೆ ಉಪ್ಪು ಬೆರೆಸುವುದನ್ನು ನಿಲ್ಲಿಸಿದೆವು. ಉಪ್ಪು ಇಳಿದ ಜಾಗಕ್ಕೆ ನಿಂಬೆ, ಹುಣಸೆ, ಬೆಳ್ಳುಳ್ಳಿ, ಜೀರಿಗೆ, ಕೊತ್ತಂಬರಿ, ಹುರಿದ ಶೇಂಗಾ ಬಂದವು. ಉಪ್ಪಿನಕಾಯಿ ಹಬ್ಬಕ್ಕೆ, ನೆಂಟರಿಗೆ ಎಂದಾಯಿತು. ಮುದ್ದೆ ಮರಳಿ ಬಂದಿತು.

ಪೊಟ್ಟಣದ ತಿನಿಸು ಕೊಂಡರೆ ಹಿಂಬದಿಯನ್ನು ಓದಿರಿ. ಅಲ್ಲಿ ನೂರು ಗ್ರಾಂಗೆ ಎಷ್ಟು ಮಿಲಿಗ್ರಾಂ ಸೋಡಿಯಂ ಎಂದು ಬರೆದಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ. 800 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ 2 ಗ್ರಾಂ ಉಪ್ಪು. ದಿನದ ಮಿತಿಯಲ್ಲಿ ಐದರಲ್ಲಿ ಎರಡು ಪಾಲು.

ಸಭೆಯಲ್ಲಿ ಕೆಲವು ಪ್ರಶ್ನೆಗಳು ಏಳುವುದು ಖಂಡಿತ. ಬಿಸಿಲಲ್ಲಿ ದುಡಿಯುವವರಿಗೆ ಉಪ್ಪು ಬೇಡವೇ? ಬೇಕು. ಬೆವರಿನಲ್ಲಿ ಉಪ್ಪು ಹೋಗುತ್ತದೆ. ಸುಡುಬಿಸಿಲಿನಲ್ಲಿ ದಿನವಿಡೀ ದುಡಿಯುವವರು ಚಿಟಿಕೆ ಉಪ್ಪಿನ ನೀರುಮಜ್ಜಿಗೆ ಕುಡಿದರೆ ಅದು ಸರಿಯಾದ ಉಪ್ಪು. ವಾಂತಿಭೇದಿಯಾದ ಮಗುವಿಗೆ ಜೀವಜಲದ ಪುಡಿಯನ್ನು ಕದಡಿ ಕುಡಿಸಲೇಬೇಕು. ಅದರಲ್ಲಿಯೂ ಉಪ್ಪಿದೆ, ಆ ಹೊತ್ತಿಗೆ ಅದೇ ಪ್ರಾಣ. ಆದರೆ ಹೊಲದ ನೆಪದಲ್ಲಿ ಮನೆಯಲ್ಲಿ ಕುಳಿತವರು ಉಪ್ಪಿನಕಾಯಿ ನೆಕ್ಕಬಾರದು.

ಕಲ್ಲುಪ್ಪು, ಕೆಂಪು ಬಣ್ಣದ ಬೆಟ್ಟದುಪ್ಪು ಒಳ್ಳೆಯದಲ್ಲವೇ? ಬಣ್ಣ ಬೇರೆಯಾದರೂ ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಮೇಲಾಗಿ ಅಯೋಡಿನ್ ಸೇರಿಸದಿದ್ದರೆ ಆ ಲಾಭವೂ ಇಲ್ಲ. ಗರ್ಭಿಣಿಯರಿಗೂ ಮಕ್ಕಳ ಮೆದುಳಿನ ಬೆಳವಣಿಗೆಗೂ ಅಯೋಡಿನ್ ಬೇಕು. ಆದ್ದರಿಂದ ಅಯೋಡಿನ್ ಇರುವ ಉಪ್ಪನ್ನೇ ಬಳಸಿ, ಅದನ್ನೇ ಕಡಿಮೆ ಬಳಸಿ. ಸೋಡಿಯಂ ಕಡಿಮೆ ಇರುವ, ಪೊಟ್ಯಾಸಿಯಂ ಬೆರೆಸಿದ ಉಪ್ಪು ಈಗ ಸಿಗುತ್ತದೆ. ಚೀನದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದು 2021 ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಂತಹ ಉಪ್ಪು ಬಳಸಿದ ಹಳ್ಳಿಗಳಲ್ಲಿ ಪಾರ್ಶ್ವವಾಯು ಶೇಕಡ 14 ರಷ್ಟು ಕಡಿಮೆಯಾಯಿತು. ಅಲ್ಲಿದ್ದವರು ಬಹುಪಾಲು ಆಗಲೇ ಒಮ್ಮೆ ಪಾರ್ಶ್ವವಾಯು ಆದವರು, ಉಳಿದವರು ರಕ್ತದೊತ್ತಡವಿದ್ದ ವಯಸ್ಸಾದವರು. ಆದರೆ ಎಚ್ಚರ: ಮೂತ್ರಪಿಂಡದ ತೊಂದರೆಯಿರುವವರಿಗೆ, ರಕ್ತದೊತ್ತಡದ ಕೆಲವು ಮಾತ್ರೆ ನುಂಗುವವರಿಗೆ ಪೊಟ್ಯಾಸಿಯಂ ಅಪಾಯಕಾರಿ. ವೈದ್ಯರನ್ನು ಕೇಳದೆ ಕೊಳ್ಳಬೇಡಿ. ಉಪ್ಪು ಬಿಟ್ಟೆವೆಂದು ಮಾತ್ರೆಯನ್ನೂ ಬಿಡಬೇಡಿ. ಮೂವತ್ತು ದಾಟಿದವರೆಲ್ಲ ವರ್ಷಕ್ಕೊಮ್ಮೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಒತ್ತಡ ಅಳೆಸಿರಿ. 140 ರ ಮೇಲೆ 90 ಎಂಬ ಅಂಕಿಯನ್ನು ಮುಟ್ಟಿದರೆ ತಡಮಾಡಬೇಡಿ.

ಇದನ್ನೆಲ್ಲ ಆಸ್ಪತ್ರೆಯಲ್ಲಿ ಹೇಳಬೇಕಾದದ್ದು. ಶಾಲೆಯಲ್ಲಿ ಏಕೆ ಎಂದು ಯಾರಾದರೂ ಕೇಳಬಹುದು. ನಮ್ಮ ಸೀಮೆಯ ಸ್ಥಿತಿಯನ್ನು ನೋಡಿರಿ. ಪೊಟ್ಟಣದ ಹಿಂಬದಿಯ ಬರಹ ಇಂಗ್ಲಿಷಿನಲ್ಲಿ, ಔಷಧದ ಚೀಟಿ ಇಂಗ್ಲಿಷಿನಲ್ಲಿ, ಗೋಡೆಯ ಮೇಲಿನ ಸರಕಾರದ ಪ್ರಕಟಣೆ ತೆಲುಗಿನಲ್ಲಿ. ಅಡುಗೆಮನೆಯ ಮಾತು ಮಾತ್ರ ಕನ್ನಡ. ಎಲ್ಲ ಭಾಷೆಗಳ ಮೇಲೂ ನಮಗೆ ಗೌರವವಿದೆ. ತೆಲುಗು ನಮ್ಮ ನೆರೆಮನೆಯ ನುಡಿ, ಸಂತೆಯ ನುಡಿ. ಆದರೆ ಈ ಮೂರರ ನಡುವೆ ಸುದ್ದಿ ಒಲೆಯ ತನಕ ತಲುಪುವಷ್ಟರಲ್ಲಿ ಸೋರಿಹೋಗುತ್ತದೆ. ಅದನ್ನು ಸೋರದಂತೆ ಹೊತ್ತು ತರಬಲ್ಲವರು ಈ ಶಾಲೆಯ ಮಕ್ಕಳು. ಅವರು ಮೂರು ಲಿಪಿಯನ್ನೂ ಓದಬಲ್ಲರು, ಅವ್ವನಿಗೆ ಕನ್ನಡದಲ್ಲಿ ಹೇಳಬಲ್ಲರು. ಗಡಿಯಾಚೆಗಿನ ಕನ್ನಡ ಶಾಲೆ ಏಕೆ ಬೇಕೆಂದು ಕೇಳುವವರಿಗೆ ನಮ್ಮಲ್ಲಿರುವ ಉತ್ತರಗಳಲ್ಲಿ ಇದೂ ಒಂದು.

ಮಕ್ಕಳೇ, ನಿಮಗೆ ಎರಡು ಕೆಲಸ ಕೊಡುತ್ತೇವೆ. ಇಂದು ಮನೆಗೆ ಹೋಗಿ ಉಪ್ಪಿನ ಪೊಟ್ಟಣದ ಮೇಲೆ ತಾರೀಖು ಬರೆಯಿರಿ. ಮುಗಿದ ದಿನ ಭಾಗಾಕಾರ ಮಾಡಿ ನಿಮ್ಮ ಮೇಷ್ಟ್ರಿಗೆ ತೋರಿಸಿರಿ. ಎರಡನೆಯದು, ಊಟಕ್ಕೆ ಕುಳಿತಾಗ ಯಾರಾದರೂ "ಸಪ್ಪೆ" ಎಂದರೆ, "ನಾವೆಲ್ಲ ಕೂಡಿ ಒಪ್ಪಿಕೊಂಡದ್ದು" ಎಂದು ಹೇಳಿರಿ. ಅಡುಗೆ ಮಾಡಿದ ಅವ್ವನ ಪರವಾಗಿ ಮನೆಯಲ್ಲಿ ಒಂದು ದನಿ ಇರಲಿ.

ಅಣ್ಣ ಈಗ ಕೋಲು ಹಿಡಿದು ಅಂಗಳದ ತನಕ ನಡೆಯುತ್ತಾರೆ. ಮಾತು ಮರಳಲಿಲ್ಲ. ಕಳೆದ ಯುಗಾದಿಯ ದಿನ ಎಲ್ಲರೂ ಊಟಕ್ಕೆ ಕುಳಿತಿದ್ದಾಗ ಅತ್ತಿಗೆ ಬಡಿಸುತ್ತ ಬಡಿಸುತ್ತ ನಿಂತು, "ಇವತ್ತು ಒಂದು ಸಲ ಸಪ್ಪೆ ಅಂತ ಅಂದಿದ್ರೆ ಸಾಕಿತ್ತು" ಎಂದರು. ಯಾರೂ ಮಾತನಾಡಲಿಲ್ಲ. ಅಣ್ಣ ತಟ್ಟೆಯನ್ನು ಎಡಗೈಯಿಂದ ತಮ್ಮ ಕಡೆಗೆ ಎಳೆದುಕೊಂಡು ಉಂಡರು.

ಉಪ್ಪಿಕ್ಕಿದವರನ್ನು ಮುಪ್ಪಿನ ತನಕ ನೆನೆಯಬೇಕು ಎಂಬ ಗಾದೆಯನ್ನು ನಾವು ಉಪ್ಪಿನ ಕಡೆಯಿಂದಲೇ ಓದಿಕೊಂಡು ಬಂದಿದ್ದೇವೆ. ನೆನೆಯುವುದಕ್ಕೆ ಮುಪ್ಪಿನ ತನಕ ಬಾಳಬೇಕು, ಬಾಯಲ್ಲಿ ಮಾತಿರಬೇಕು. ಹಿತವಾಗಿ ಉಪ್ಪಿಕ್ಕಿ ನಮ್ಮನ್ನು ಮುಪ್ಪಿಗೆ ಮುಟ್ಟಿಸಿದವರ ಋಣ ಎಲ್ಲಕ್ಕಿಂತ ದೊಡ್ಡದು. ಈ ಶಾಲೆ ಇನ್ನೂ ನೂರು ವರ್ಷ ಬಾಳಲಿ. ಇಲ್ಲಿ ಕಲಿತ ಮಕ್ಕಳು ಮುಪ್ಪಿನ ಭಾಗ್ಯವನ್ನು ಕಾಣಲಿ.